ಅಕ್ಕಿ ಹಾಕಿದರೆ ಅದು ಕ್ರಾಫ್ಟ್ ಬಿಯರ್ ಅಲ್ವಾ?

ಕೆರೆ ಏರಿ · ಭಾನುವಾರ ರಾತ್ರಿ 10:20

ನಿನ್ನೆಯಿಂದ ಮನಸ್ಸಿಗೆ ಒಂಥರಾ ಕಸಿವಿಸಿ. ಇಲ್ಲಿ ಹೇಳಿಕೊಂಡರೆ ಹಗುರ ಆಗಬಹುದು ಅಂತ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಕ್ರಾಫ್ಟ್ ಬಿಯರ್, ಅಂದರೆ ಸಣ್ಣ ಬ್ರೂವರಿಗಳ ಬಿಯರ್, ಟೇಸ್ಟಿಂಗ್‌ಗೆ ಹೋಗಿದ್ದೆ. ಜಾಗದ ಹೆಸರು ಬೇಡ. ಉದ್ದ ಮೇಜು, ಹನ್ನೆರಡು ಜನ, ಎಲ್ಲರ ಮುಂದೆ ಐದೈದು ಪುಟ್ಟ ಗ್ಲಾಸು. ನಾಲ್ಕನೆಯದು ಅಕ್ಕಿ ಹಾಕಿ ಮಾಡಿದ ಲಾಗರ್, ಅಂದರೆ ತಣ್ಣಗೆ ಹದಮಾಡಿದ ಬಿಯರ್. ನನಗೆ ತುಂಬಾ ಹಿಡಿಸಿತು. ಹಗುರವಾಗಿತ್ತು, ಕುಡಿದ ಮೇಲೆ ನಾಲಿಗೆಯಲ್ಲಿ ಏನೂ ಅಂಟಿಕೊಳ್ಳಲಿಲ್ಲ. 'ಇದು ಚೆನ್ನಾಗಿದೆ' ಅಂದೆ. ಪಕ್ಕದಲ್ಲಿದ್ದವರು ನಕ್ಕರು. 'ಅಕ್ಕಿ ಹಾಕೋದು ದೊಡ್ಡ ಕಂಪನಿಯವರು, ಖರ್ಚು ಉಳಿಸೋಕೆ. ನೀವು ಇನ್ನೂ ಕೆಎಫ್ ಹಂತದಲ್ಲಿದ್ದೀರಿ. ಪರವಾಗಿಲ್ಲ, ಎಲ್ಲರೂ ಅಲ್ಲಿಂದಲೇ ಶುರು ಮಾಡೋದು' ಅಂದರು. ಕೆಎಫ್ ಅಂದರೆ ಕಿಂಗ್‌ಫಿಷರ್.

ಆ 'ಪರವಾಗಿಲ್ಲ' ಇದೆಯಲ್ಲ, ಅದು ಚುಚ್ಚಿತು.

ನಮ್ಮದು ಮಂಡ್ಯ ಕಡೆ. ಅಪ್ಪ ಭತ್ತ ಬೆಳೆಯುತ್ತಾರೆ. ಅಕ್ಕಿ ಅಂದರೆ ಕಳಪೆ ಅನ್ನುವ ಮಾತನ್ನು ಹುಟ್ಟಿದ ಮೇಲೆ ಮೊದಲ ಸಲ ಕೇಳಿದೆ. ಅದೂ ಎರಡು ದೊಡ್ಡ ಬಾಟಲಿ ಬರುವಷ್ಟು ದುಡ್ಡನ್ನು ಒಂದೇ ಗ್ಲಾಸಿಗೆ ಕೊಟ್ಟು.

ಆಮೇಲೆ ಸುಮ್ನೆ ಕೂತು ಆ ಮೇಜನ್ನೇ ನೋಡಿದೆ. ಹನ್ನೆರಡು ಜನರಲ್ಲಿ ಎಷ್ಟು ಪಂಗಡ! ಕಹಿ ಇಲ್ಲದಿದ್ದರೆ ಬಿಯರೇ ಅಲ್ಲ ಅನ್ನುವವರು. ಹುಳಿ ಬಿಯರ್ ಬಿಟ್ಟು ಬೇರೆ ಮುಟ್ಟದವರು. ಹಾಪ್ಸ್ ಅನ್ನುವ ಕಹಿ ಹೂ ಜಾಸ್ತಿ ಹಾಕಿದ ಐಪಿಎ ಬಿಯರ್ ಮಸುಕಾಗಿ ಕಂಡರೆ 'ಜ್ಯೂಸ್ ಬಂತು' ಅಂತ ನಗುವವರು. ಪ್ರತಿ ಗುಟುಕಿಗೂ ಫೋನ್ ತೆಗೆದು ಅಂಕ ಕೊಡುವವರು, ಅವರನ್ನು ನೋಡಿ ಕಣ್ಣು ತಿರುಗಿಸುವವರು. ವೀಟ್ ಬಿಯರ್, ಅಂದರೆ ಗೋಧಿ ಬಿಯರ್, ಕುಡಿಯುವವರು ಎಲ್ಲರ ಕಣ್ಣಿಗೂ ಎಲ್‌ಕೆಜಿ ಮಕ್ಕಳು.

ನನ್ನ ಪ್ರಶ್ನೆ ಇಷ್ಟೇ. ಅಕ್ಕಿ ಹಾಕಿದರೆ ಕ್ರಾಫ್ಟ್ ಅಲ್ಲ ಅಂತ ಯಾರು ಹೇಳಿದ್ದು? ಎಲ್ಲಿ ಬರೆದಿದೆ?

ಮಜ್ಜಿಗೆ ಹುಳಿ · ರಾತ್ರಿ 10:31

ಇದಕ್ಕೇ ನಾನು ಮಜ್ಜಿಗೆ ಕುಡಿಯೋದು. ಅದರಲ್ಲಿ ಪಂಗಡ ಇಲ್ಲ.

ಜಯನಗರ ಅಂಕಲ್ · ರಾತ್ರಿ 10:40

ಇಲ್ಲ ಅಂದವರು ಯಾರು? ಇಂಗು ಹಾಕಬೇಕೋ ಬೇಡವೋ ಅಂತ ನಮ್ಮ ಮನೆಯಲ್ಲಿ ಮೂವತ್ತು ವರ್ಷದಿಂದ ಜಗಳ ನಡೆಯುತ್ತಿದೆ.

ಹಬೆಪಾತ್ರೆ · ರಾತ್ರಿ 11:05

ನಾನು ಇದೇ ಊರಿನ ಒಂದು ಬ್ರೂವರಿಯಲ್ಲಿ ಕೆಲಸ ಮಾಡುತ್ತೇನೆ. 'ಎಲ್ಲಿ ಬರೆದಿದೆ' ಅನ್ನುವುದನ್ನು ಓದಿಕೊಂಡವರು ಹೇಳಲಿ. ಅಕ್ಕಿ ಹಾಕುವ ಕೆಲಸ ಹೇಗಿರುತ್ತದೆ ಅಂತ ನಾನು ಹೇಳುತ್ತೇನೆ.

ಬಾರ್ಲಿ ಮಾಲ್ಟ್‌ಗೆ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಗೆ, 65 ಡಿಗ್ರಿ ಆಸುಪಾಸಿನ ಬಿಸಿನೀರು ಸಾಕು. ತನ್ನ ಪಿಷ್ಟವನ್ನು ತಾನೇ ಸಕ್ಕರೆ ಮಾಡಿಕೊಳ್ಳುತ್ತದೆ. ಅಕ್ಕಿಗೆ ಆ ಬಿಸಿ ಸಾಲದು. ಮೊದಲು ಬೇರೆ ಪಾತ್ರೆಯಲ್ಲಿ ಬೇಯಿಸಬೇಕು. ನಾವು ತರುವುದು ನುಚ್ಚಕ್ಕಿ, ಮಾಡುವುದು ಗಂಜಿ. ತಳ ಹಿಡಿದರೆ ಇಡೀ ಬ್ಯಾಚಿಗೆ ಸೀದ ವಾಸನೆ. ಬೇಯಿಸಲು ಬೇರೆ ಪಾತ್ರೆ ಇಲ್ಲದ ಕಡೆ ಅವಲಕ್ಕಿ ಹಾಕುತ್ತಾರೆ. ತಮಾಷೆ ಅಲ್ಲ, ನಿಜವಾದ ಅವಲಕ್ಕಿಯೇ. ಅದರ ಪಿಷ್ಟ ಆಗಲೇ ಬೆಂದು ಸಿದ್ಧವಾಗಿರುತ್ತದೆ, ನೇರವಾಗಿ ಮ್ಯಾಷ್‌ಗೆ, ಅಂದರೆ ಬಿಸಿನೀರಲ್ಲಿ ನೆನೆದ ಮಾಲ್ಟ್‌ಗೆ, ಸುರಿಯಬಹುದು.

ಆದರೆ ಅಕ್ಕಿಗೆ ಹೊಟ್ಟು ಇಲ್ಲ. ಬಾರ್ಲಿಯ ಹೊಟ್ಟೇ ನಮಗೆ ಜರಡಿ. ಅಕ್ಕಿ ಜಾಸ್ತಿಯಾದರೆ ಎಲ್ಲ ಸೇರಿ ಮುದ್ದೆ ಕಟ್ಟುತ್ತದೆ, ರಸ ಕೆಳಗೆ ಇಳಿಯುವುದಿಲ್ಲ. ನನಗೆ ಒಮ್ಮೆ ಹಾಗಾಗಿ ಮಧ್ಯಾಹ್ನದ ಊಟ ರಾತ್ರಿ ಎಂಟಕ್ಕೆ ಮಾಡಿದ್ದೇನೆ.

ಇನ್ನೊಂದು ಮಾತು. ತೆಳು ಲಾಗರ್‌ನಲ್ಲಿ ತಪ್ಪು ಮುಚ್ಚಿಡಲು ಜಾಗವೇ ಇಲ್ಲ. ಐಪಿಎ ಕೈಕೊಟ್ಟರೆ ಇನ್ನಷ್ಟು ಹಾಪ್ಸ್ ಸುರಿದು ಸ್ವಲ್ಪ ಮಟ್ಟಿಗೆ ಮರೆಮಾಡಬಹುದು. ಸಾರು ಕೆಟ್ಟಾಗ ಖಾರ ಜಾಸ್ತಿ ಮಾಡುವ ಹಾಗೆ. ಲಾಗರ್‌ನಲ್ಲಿ ಆ ಆಟ ನಡೆಯುವುದಿಲ್ಲ. ನಾಲ್ಕರಿಂದ ಆರು ವಾರ ತಣ್ಣಗೆ ಮಲಗಿಸಬೇಕು. ಅಷ್ಟು ದಿನ ಟ್ಯಾಂಕ್ ಕಟ್ಟಿಹಾಕಿದ ಹಾಗೆ. ಅದೇ ವೀಟ್ ಬಿಯರ್ ಎರಡು ವಾರದೊಳಗೆ ಗ್ಲಾಸಿಗೆ ಬರುತ್ತದೆ, ಸೋಸುವ ಗೋಜೂ ಇಲ್ಲ. ಬೆಂಗಳೂರಿನ ಪಬ್‌ಗಳಲ್ಲಿ ಎಲ್ಲಿ ನೋಡಿದರೂ ವೀಟ್ ಬಿಯರ್ ಕಾಣುವುದಕ್ಕೆ ಜನರ ಬಾಯಿರುಚಿಯಷ್ಟೇ ಟ್ಯಾಂಕ್ ಲೆಕ್ಕವೂ ಕಾರಣ.

ಕಹಿಬೇವು · ರಾತ್ರಿ 11:48

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ. ಎದುರು ಪಕ್ಷ ನಾನು ವಹಿಸುತ್ತೇನೆ.

ಆ ಮೇಜಿನಲ್ಲಿ ನಾನು ಇರಲಿಲ್ಲ. ಇದ್ದಿದ್ದರೆ ಅದೇ ಮಾತನ್ನು ಬಹುಶಃ ನಾನೂ ಆಡುತ್ತಿದ್ದೆ, 'ಪರವಾಗಿಲ್ಲ' ಬಿಟ್ಟು. ನಾವು ಎಷ್ಟು ವರ್ಷ ಒಂದೇ ರುಚಿ ಕುಡಿದೆವು ನೆನಪಿದೆಯಾ? ಬಾರ್‌ಗೆ ಹೋದರೆ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ಲೈಟಾ, ಸ್ಟ್ರಾಂಗಾ? ಲೇಬಲ್ ಹತ್ತು, ಒಳಗಿನದು ಒಂದೇ. ತಾವೇ ಬಿಯರ್ ಮಾಡಿ ಬಡಿಸುವ ಪಬ್‌ಗಳಲ್ಲಿ ಇಂದಿರಾನಗರದ ಟಾಯ್ಟ್ ಶುರುವಾದದ್ದು 2010ರಲ್ಲಿ, ಆರ್ಬರ್ ಬಂದದ್ದು 2012ರಲ್ಲಿ. ಅದಕ್ಕೂ ಮುಂಚೆ ಈ ಊರಲ್ಲಿ ಒಂದು ಒಳ್ಳೆಯ ಸ್ಟೌಟ್, ಆ ಕಪ್ಪನೆಯ ಬಿಯರ್, ಹುಡುಕಿ ನೋಡಬೇಕಿತ್ತು. ಆ ಬದಲಾವಣೆ ಬಂದದ್ದು 'ಇದು ಚೆನ್ನಾಗಿಲ್ಲ' ಅಂತ ಬಾಯಿಬಿಟ್ಟು ಹೇಳುವ ನಾಲ್ಕು ಜನ ಇದ್ದದ್ದರಿಂದ.

ಕಛೇರಿಯಲ್ಲಿ ಅಪಸ್ವರ ಕೇಳಿ ಮುಖ ಹಿಂಡಿದವರನ್ನು ಸೊಕ್ಕಿನವರು ಅನ್ನುತ್ತೀರಾ? ಬಿಯರ್‌ಗೆ ಮಾತ್ರ ಯಾಕೆ ಆ ನ್ಯಾಯ?

ಎಲ್ಲಿ ಬರೆದಿದೆ ಅಂತ ಕೇಳಿದಿರಿ. ಜರ್ಮನಿಯ ಬವೇರಿಯಾದಲ್ಲಿ, 1516ರಲ್ಲಿ. ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು. ಅಷ್ಟೇ.

ಬಾಟಲಿ ಬಿಯರ್‌ನಲ್ಲಿ ಗ್ಲಿಸರಿನ್ ಇರುತ್ತದೆ ಅನ್ನುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನೀರಿನ ಗ್ಲಾಸಿನಲ್ಲಿ ಬಾಟಲಿ ಬೋರಲು ಹಾಕಿ ನೋಡಿ, ಎಣ್ಣೆಯ ಹಾಗೆ ಕೆಳಗಿಳಿಯುತ್ತದೆ.

ಹಬೆಪಾತ್ರೆ · ಸೋಮವಾರ ಬೆಳಿಗ್ಗೆ 6:15

ಕಹಿಬೇವು ಅವರೇ, ಗ್ಲಿಸರಿನ್ ಕಥೆಯನ್ನು ದಯವಿಟ್ಟು ಇಲ್ಲಿಗೇ ಬಿಡಿ. ಕೆಳಗಿಳಿಯುವುದು ಬಿಯರೇ. ಅದರಲ್ಲಿ ಉಳಿದ ಸಕ್ಕರೆ ಅಂಶದಿಂದಾಗಿ ನೀರಿಗಿಂತ ಸ್ವಲ್ಪ ಭಾರ. ನಮ್ಮ ಟ್ಯಾಂಕಿನ ಬಿಯರನ್ನು ಬೋರಲು ಹಾಕಿದರೂ ಹಾಗೇ ಎಳೆ ಎಳೆಯಾಗಿ ಇಳಿಯುತ್ತದೆ. ಯೀಸ್ಟ್ ಹುದುಗುವಾಗ ತಾನಾಗಿಯೇ ಸ್ವಲ್ಪ ಗ್ಲಿಸರಿನ್ ಹುಟ್ಟುತ್ತದೆ, ಎಲ್ಲ ಬಿಯರ್‌ನಲ್ಲೂ, ವೈನ್‌ನಲ್ಲೂ. ಆ ಬಾಟಲಿ ಪ್ರಯೋಗದಿಂದ ಏನೂ ಸಾಬೀತಾಗುವುದಿಲ್ಲ.

1516ರ ಕಾನೂನಿಗೆ ಬರೋಣ. ಅದರಲ್ಲಿ ಗೋಧಿಗೂ ಜಾಗವಿಲ್ಲ, ಗಮನಿಸಿದಿರಾ? ಗೋಧಿ ಬ್ರೆಡ್‌ಗೆ ಬೇಕು ಅನ್ನುವುದು ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಆದರೂ ಒಂದು ಜಮೀನುದಾರ ಮನೆತನಕ್ಕೆ ಗೋಧಿ ಬಿಯರ್ ಮಾಡುವ ಹಕ್ಕು ಸಿಕ್ಕಿತ್ತು. ಆ ಮನೆತನಕ್ಕೆ ವಾರಸುದಾರರಿಲ್ಲದೆ 1602ರಲ್ಲಿ ಹಕ್ಕು ದೊರೆಯ ಕೈಗೆ ಬಂತು. ಆಮೇಲೆ ನೋಡಿ, ದೊರೆಮನೆಗೆ ಅದರಿಂದಲೇ ಭಾರಿ ಆದಾಯ. ಜನರಿಗೆ ಬಾರ್ಲಿ ನಿಯಮ, ಅರಮನೆಗೆ ಗೋಧಿ ದುಡ್ಡು. ಇವತ್ತು ಬೆಂಗಳೂರಿನಲ್ಲಿ ಬಾಳೆಹಣ್ಣು, ಲವಂಗದ ಘಮ ಬರುವ ಯಾವ ವೀಟ್ ಬಿಯರ್ ಕುಡಿದರೂ ಆ ಕಾನೂನಿನ ಅಕ್ಷರಕ್ಕೆ ತಪ್ಪಿದ ಹಾಗೇ. ಯೀಸ್ಟ್ ಹೆಸರೂ ಅದರಲ್ಲಿ ಇರಲಿಲ್ಲ ಬಿಡಿ.

ಮ್ಯಾಷ್ ಶುರು ಮಾಡಬೇಕು. ಸಂಜೆ ಬರುತ್ತೇನೆ.

ಹಿಮದೂರು · ಸೋಮವಾರ ಬೆಳಿಗ್ಗೆ 8:02

ನಾನು ಅಮೆರಿಕದ ಮಿನ್ನೆಸೋಟದಲ್ಲಿದ್ದೇನೆ, ಮೂಲತಃ ತುಮಕೂರಿನವನು. ಕೆರೆ ಏರಿ ಅವರ ಪ್ರಶ್ನೆಗೆ ನನ್ನ ಹತ್ತಿರ ನಿಜವಾಗಿಯೂ ಉತ್ತರ ಇದೆ. ಅಕ್ಕಿ, ಮೆಕ್ಕೆಜೋಳ ಹಾಕಿದರೆ ಕ್ರಾಫ್ಟ್ ಅಲ್ಲ ಅಂತ ಬರೆದಿಟ್ಟಿದ್ದರು. ಬವೇರಿಯಾದಲ್ಲಿ ಅಲ್ಲ, ಇಲ್ಲೇ, ಮೊನ್ನೆ ಮೊನ್ನೆ.

ಅಮೆರಿಕದ ಸಣ್ಣ ಬ್ರೂವರಿಗಳ ಸಂಘ ಬ್ರೂವರ್ಸ್ ಅಸೋಸಿಯೇಷನ್. ಯಾರು ಕ್ರಾಫ್ಟ್ ಅನ್ನುವುದಕ್ಕೆ ಅವರ ಬಳಿ ಮೂರು ಅಳತೆ ಇತ್ತು: ಸಣ್ಣದಾಗಿರಬೇಕು, ಸ್ವತಂತ್ರವಾಗಿರಬೇಕು, ಸಾಂಪ್ರದಾಯಿಕವಾಗಿರಬೇಕು. ಈ ಮೂರನೆಯದರಲ್ಲೇ ಗಂಟು. ಹಗುರ ಮಾಡಲು ಅಕ್ಕಿ, ಮೆಕ್ಕೆಜೋಳ ಹಾಕುವವರನ್ನು ಅದರಡಿ ಹೊರಗಿಟ್ಟರು. 2012ರ ಡಿಸೆಂಬರ್‌ನಲ್ಲಿ ಒಂದು ಹೇಳಿಕೆ ಹೊರಡಿಸಿದರು. ಕ್ರಾಫ್ಟ್ ವೇಷ ಹಾಕಿಕೊಂಡ ದೊಡ್ಡ ಕಂಪನಿಗಳಿಂದ ಜನ ಮೋಸ ಹೋಗಬಾರದು ಅನ್ನುವುದು ಉದ್ದೇಶ. ಉದ್ದೇಶ ಸರಿಯೇ. ಜೊತೆಗೆ ಕ್ರಾಫ್ಟ್ ಅಲ್ಲದವರ ಪಟ್ಟಿಯೂ ಬಂತು. ಆ ಪಟ್ಟಿಯಲ್ಲಿ ನಮ್ಮ ರಾಜ್ಯದ ಆಗಸ್ಟ್ ಶೆಲ್ ಬ್ರೂವರಿಯ ಹೆಸರಿತ್ತು.

ಶೆಲ್ ಇರುವುದು ನ್ಯೂ ಅಲ್ಮ್ ಅನ್ನುವ ಪುಟ್ಟ ಊರಲ್ಲಿ, ಜರ್ಮನಿಯಿಂದ ಬಂದವರು ಕಟ್ಟಿಕೊಂಡ ಊರು. 1860ರಿಂದ ಒಂದೇ ಮನೆತನ ನಡೆಸುತ್ತಿದೆ. ನಾನು ಹೋಗಿ ನೋಡಿದ್ದೇನೆ. ಬ್ರೂವರಿ ತೋಟದಲ್ಲಿ ನವಿಲುಗಳು ಓಡಾಡುತ್ತವೆ. ಮಿನ್ನೆಸೋಟದ ಚಳಿಯಲ್ಲಿ ನವಿಲು ಕಂಡು ನನಗೆ ಬಿಯರ್ ಮರೆತೇ ಹೋಯಿತು.

ಅವರು ಮೆಕ್ಕೆಜೋಳ ಹಾಕಿದ್ದು ಖರ್ಚು ಉಳಿಸಲು ಅಲ್ಲ. ಇಲ್ಲಿ ಆಗ ಸಿಗುತ್ತಿದ್ದ ಬಾರ್ಲಿ ಬೇರೆ ಜಾತಿ, ತೆನೆಯಲ್ಲಿ ಆರು ಸಾಲು ಕಾಳು, ಪ್ರೊಟೀನ್ ಜಾಸ್ತಿ. ಬರೀ ಅದರಲ್ಲೇ ಮಾಡಿದರೆ ಬಿಯರ್ ಒರಟು, ಮಬ್ಬು. ಊರಿನ ರುಚಿ ಬರಬೇಕಾದರೆ ಅದನ್ನು ಮೆದು ಮಾಡಬೇಕಿತ್ತು. ಕೈಗೆ ಸಿಕ್ಕಿದ್ದು ಜೋಳ, ಕೆಲವರಿಗೆ ಅಕ್ಕಿ. ವಲಸೆ ಬಂದವರು ಇದ್ದದ್ದರಲ್ಲೇ ಅಡುಗೆ ಮಾಡಿದರು. ನಾನು ಇಲ್ಲಿ ಅಂಗಡಿಯಲ್ಲಿ ಸಿಗುವ ಯಾವುದೋ ಹಿಟ್ಟಿನಲ್ಲಿ ಮುದ್ದೆ ಕಟ್ಟುವ ಹಾಗೆ.

ನೂರೈವತ್ತು ವರ್ಷ ಅದೇ ರೀತಿ ಮಾಡಿದವರಿಗೆ 'ನೀವು ಸಾಂಪ್ರದಾಯಿಕರಲ್ಲ' ಅಂದರೆ ಹೇಗಿರಬೇಡ? ಶೆಲ್‌ನವರು ಬಹಿರಂಗ ಪತ್ರ ಬರೆದು ಚೆನ್ನಾಗಿ ಝಾಡಿಸಿದರು. 2014ರಲ್ಲಿ ಸಂಘ ನಿಯಮ ಬದಲಿಸಿತು, ಅಕ್ಕಿ ಜೋಳದ ಅಡ್ಡಿ ತೆಗೆಯಿತು. 1829ರ ಯಿಂಗ್ಲಿಂಗ್ ಕಂಪನಿ ರಾತ್ರೋರಾತ್ರಿ ಕ್ರಾಫ್ಟ್ ಆಯಿತು. ಬಿಯರ್ ಒಂದು ಹನಿಯೂ ಬದಲಾಗಿರಲಿಲ್ಲ. 2018ರಲ್ಲಿ 'ಸಾಂಪ್ರದಾಯಿಕ' ಅನ್ನುವ ಅಳತೆಯನ್ನೇ ಕಿತ್ತುಹಾಕಿದರು.

'ಸಣ್ಣದು' ಅನ್ನುವುದಕ್ಕೂ ಇದೇ ಗತಿ. ಮೊದಲು ವರ್ಷಕ್ಕೆ 20 ಲಕ್ಷ ಬ್ಯಾರಲ್ ಮಿತಿ. ಸಂಘದ ದೊಡ್ಡ ಸದಸ್ಯ ಬೋಸ್ಟನ್ ಬಿಯರ್ ಆ ಗೆರೆ ಮುಟ್ಟುವ ಹೊತ್ತಿಗೆ, 2011ರ ಶುರುವಿನಲ್ಲಿ, ಅದನ್ನು 60 ಲಕ್ಷ ಮಾಡಿದರು. ಲೀಟರ್ ಲೆಕ್ಕದಲ್ಲಿ ಸುಮಾರು 70 ಕೋಟಿ. ಇಷ್ಟು ಮಾಡಿದರೂ ನೀವು ಸಣ್ಣವರು. ನಮ್ಮವರು ಬೆಳೆದರೆ ಗೆರೆಯನ್ನು ಆಚೆ ಸರಿಸುವುದು, ಆಗದವರು ಬಂದರೆ ಗೆರೆ ತೋರಿಸುವುದು.

ಈಗಿನ ತಮಾಷೆ ಕೇಳಿ. ಇಲ್ಲಿ ಸಣ್ಣ ಬ್ರೂವರಿಗಳು ರೈಸ್ ಲಾಗರ್ ಅಂತ ಕ್ಯಾನ್ ಮೇಲೆ ದೊಡ್ಡದಾಗಿ ಬರೆದು ಮಾರುತ್ತವೆ. ಜಪಾನ್ ಶೈಲಿ ಅಂತೆ. ಹತ್ತು ವರ್ಷದ ಹಿಂದೆ ಅಕ್ಕಿಗೆ ಮೂಗು ಮುರಿದ ನನ್ನ ಸ್ನೇಹಿತರೇ ಸಾಲಿನಲ್ಲಿ ನಿಂತಿರುತ್ತಾರೆ.

ಕೆರೆ ಏರಿ · ಬೆಳಿಗ್ಗೆ 8:30

ಹಿಮದೂರು ಸರ್, ಇದನ್ನು ಅಪ್ಪನಿಗೆ ಓದಿ ಹೇಳಿದೆ. 'ಜಪಾನ್ ಅಂದ್ರೆ ಮಾತ್ರ ಅಕ್ಕಿ ಒಳ್ಳೇದಾ' ಅಂತ ಕೇಳಿದರು. ನಾನು ಬಿಯರ್ ಕುಡಿಯುವುದು ಅವರಿಗೆ ಈಗ ಅಧಿಕೃತವಾಗಿ ಗೊತ್ತಾಯಿತು, ಅದು ಬೇರೆ ವಿಷಯ.

ಮಳೆ ಕೋಟು · ಮಧ್ಯಾಹ್ನ 2:10

ಇಂಗ್ಲೆಂಡಿನ ಲೀಡ್ಸ್‌ನಿಂದ. ಇಲ್ಲಿ ಜಗಳ ಅಕ್ಕಿಯದಲ್ಲ, ಗ್ಯಾಸಿನದು.

1971ರಲ್ಲಿ ನಾಲ್ಕು ಜನ ಸ್ನೇಹಿತರು ಐರ್ಲೆಂಡ್ ಪ್ರವಾಸದಲ್ಲಿ ಕೂತು ಕಟ್ಟಿದ ಸಂಘಟನೆ ಕ್ಯಾಮ್ರಾ. ದೊಡ್ಡ ಕಂಪನಿಗಳು ಪಬ್‌ಗಳಿಗೆಲ್ಲ ಸೋಸಿದ, ಗ್ಯಾಸು ತುಂಬಿದ ಕೆಗ್ (ಲೋಹದ ಪೀಪಾಯಿ) ಬಿಯರ್ ತಳ್ಳುತ್ತಿದ್ದ ಕಾಲ. ಪೀಪಾಯಿಯಲ್ಲೇ ಹದವಾಗಿ, ಮೇಲಿಂದ ಗ್ಯಾಸು ಸೇರಿಸದೆ ಬಡಿಸುವ 'ರಿಯಲ್ ಏಲ್' ಬಿಯರ್ ಉಳಿದದ್ದು ಇವರ ಹೋರಾಟದಿಂದಲೇ. ಅದಕ್ಕೆ ಕೈ ಮುಗಿಯಬೇಕು.

ಆದರೆ ಆ ಅಳತೆ ಆಮೇಲೆ ಗಟ್ಟಿಯಾಗಿ ಕೂತುಬಿಟ್ಟಿತು. ಹೊಸ ಹುಡುಗರು ಬಂದು ಒಳ್ಳೊಳ್ಳೆಯ ಬಿಯರ್ ಮಾಡಿ ಕೆಗ್‌ಗೆ ತುಂಬಿದರು. 'ಕೆಗ್ ಅಂದರೆ ರಿಯಲ್ ಅಲ್ಲ' ಅಂದರು ಹಿರಿಯರು. 'ನಿಮ್ಮದು ಬೆಚ್ಚಗಿನ ಚಪ್ಪೆ ನೀರು' ಅಂದರು ಕಿರಿಯರು. 2018ರಲ್ಲಿ ಎಲ್ಲ ಬಗೆಯ ಒಳ್ಳೆಯ ಬಿಯರ್ ಕುಡಿಯುವವರ ಪರವಾಗಿಯೂ ನಿಲ್ಲೋಣ ಅಂತ ನಿರ್ಣಯ ಬಂತು. ಮುಕ್ಕಾಲು ಪಾಲು ಮತ ಬೇಕಿತ್ತು. ಸ್ವಲ್ಪದರಲ್ಲಿ ಬಿದ್ದುಹೋಯಿತು. ನಮ್ಮ ಪಕ್ಕದ ಪಬ್‌ನಲ್ಲಿ ಈಗಲೂ ಒಂದು ಮೂಲೆ ಅವರದು, ಒಂದು ಮೂಲೆ ಇವರದು. ಮಧ್ಯದ ಮೇಜು ನಾಯಿ ಕರೆತರುವವರಿಗೆ.

ಸ್ವತಂತ್ರ ಅನ್ನುವ ಮಾತು ಬಂತಲ್ಲ. ಷಿಕಾಗೊದ ಗೂಸ್ ಐಲ್ಯಾಂಡ್ ಬ್ರೂವರಿ 2011ರಲ್ಲಿ 3.88 ಕೋಟಿ ಡಾಲರ್‌ಗೆ ಬಡ್‌ವೈಸರ್ ಕಂಪನಿಗೆ ಮಾರಾಟವಾದಾಗ ಜನ ಸೂತಕ ಬಂದವರ ಹಾಗೆ ಆಡಿದರು. 2015ರ ಶುರುವಿನಲ್ಲಿ ಅದೇ ಕಂಪನಿ ಸಿಯಾಟಲ್‌ನ ಎಲಿಸಿಯನ್ ಬ್ರೂವರಿ ಕೊಂಡುಕೊಂಡಿತು. ಒಂದೆರಡು ವಾರದೊಳಗೆ ಸೂಪರ್ ಬೌಲ್ ಪಂದ್ಯದ ನಡುವೆ ಬಡ್‌ವೈಸರ್ ಜಾಹೀರಾತು ಬಂತು. ಕುಂಬಳಕಾಯಿ, ಪೀಚ್ ಹಣ್ಣು ಹಾಕಿದ ಬಿಯರ್ ಮೂಸಿ ನೋಡುವ ಮೀಸೆಯವರನ್ನು ಗೇಲಿ ಮಾಡುವ ಜಾಹೀರಾತು. ಸರಿಯಾಗಿ ಅಂಥದ್ದೇ ಕುಂಬಳಕಾಯಿ ಪೀಚ್ ಬಿಯರನ್ನು ಎಲಿಸಿಯನ್ ಮಾಡಿತ್ತು! ಅಂದರೆ ತಾವೇ ಕೊಂಡ ಮನೆಯ ಅಡುಗೆಗೆ ತಾವೇ ಉಗಿದ ಹಾಗೆ. ಸೊಕ್ಕು ಒಂದೇ ಕಡೆಯದಲ್ಲ ಅನ್ನುವುದಕ್ಕೆ ಹೇಳಿದೆ.

ಜಯನಗರ ಅಂಕಲ್ · ಸಂಜೆ 5:45

ಕೆಎಫ್ ಹಂತ ಅಂದರಂತಲ್ಲ, ಅದಕ್ಕೆ ಒಂದು ಮಾತು. ಕೆಎಫ್ ಮಾಡುವ ಯುನೈಟೆಡ್ ಬ್ರೂವರೀಸ್ 1915ರ ಕಂಪನಿ. ನಮ್ಮೂರ ಬಿಯರ್ ಅಂತ ಎದೆ ತಟ್ಟಿಕೊಳ್ಳುತ್ತಿದ್ದೆವು. 2021ರಿಂದ ಅದರ ಹಿಡಿತ ಹಾಲೆಂಡಿನ ಹೈನೆಕೆನ್ ಕೈಯಲ್ಲಿದೆ. ಕ್ಯಾಲಿಫೋರ್ನಿಯಾದ ಲಗುನಿಟಾಸ್, ಲಂಡನ್ನಿನ ಬೀವರ್‌ಟೌನ್ ಬ್ರೂವರಿಗಳು ಕೂಡ ಅವರದೇ ಈಗ. ವಿದೇಶಕ್ಕೆ ಹೋದಾಗ ಲಗುನಿಟಾಸ್ ಐಪಿಎ ಜೊತೆ ಫೋಟೊ ಹಾಕುವವರೂ, ಮೂಲೆ ಬಾರ್‌ನಲ್ಲಿ ಕೆಎಫ್ ಕುಡಿಯುವ ನಾನೂ ಒಂದೇ ಮನೆಯ ಗಿರಾಕಿಗಳು.

80, 90ರ ದಶಕದಲ್ಲಿ ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್ ಪಬ್‌ಗಳಲ್ಲಿ ಡ್ರಾಫ್ಟ್ ಬಿಯರ್ ಪಿಚರ್ ಬರುತ್ತಿತ್ತು. ರಾಕ್ ಸಂಗೀತ, ಮರದ ಬೆಂಚು. ಡ್ರಾಫ್ಟ್ ಕುಡಿಯುವ ನಾವು ಬಾಟಲಿ ಕುಡಿಯುವವರನ್ನು ಕೀಳಾಗಿ ನೋಡುತ್ತಿದ್ದೆವು. ಎರಡೂ ಅದೇ ಕೆಎಫ್. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ತುಂಬಾ ಗಂಭೀರವಾಗಿದ್ದೆವು.

ಪಡುವಣ ಗಾಳಿ · ಸಂಜೆ 7:20

ಎಂಥದು ಮಾರಾಯ್ರೆ, ಎಲ್ಲರೂ ಬವೇರಿಯಾ, ಇಂಗ್ಲೆಂಡ್ ಅಂತ ಹೋಗಿಬಂದಿರಿ. ಉಡುಪಿ ಕಡೆ ಒಂದು ಸಲ ಇಳಿಯಿರಿ.

ಬೆಲ್ಜಿಯಂನಲ್ಲಿ ಲ್ಯಾಂಬಿಕ್ ಅಂತ ಹುಳಿ ಬಿಯರ್ ಇದೆ. ಯೀಸ್ಟ್ ಹಾಕುವುದಿಲ್ಲ. ಬಿಸಿ ರಸವನ್ನು ಅಗಲ ತೊಟ್ಟಿಯಲ್ಲಿ ರಾತ್ರಿ ತೆರೆದಿಡುತ್ತಾರೆ. ಗಾಳಿಯಲ್ಲಿ, ಮರದ ಪೀಪಾಯಿಯಲ್ಲಿ ಇರುವ ಯೀಸ್ಟೇ ಹುದುಗಿಸುತ್ತದೆ. ಬ್ರಸೆಲ್ಸ್‌ನ ಕ್ಯಾಂಟಿಲಾನ್ ಬ್ರೂವರಿ 1900ರಲ್ಲಿ ಶುರುವಾದದ್ದು, ಈಗಲೂ ಇದನ್ನೇ ಮಾಡುತ್ತಿದೆ. ಅದರ ಒಂದು ಬಾಟಲಿ ಸಿಕ್ಕರೆ ಕ್ರಾಫ್ಟ್ ಬಳಗದವರು ಹತ್ತು ಜನ ಸುತ್ತ ಕೂತು ಪೂಜೆ ಮಾಡುತ್ತಾರೆ. ನಾನೂ ಕುಡಿದಿದ್ದೇನೆ, ಲಾಯ್ಕ ಇತ್ತು, ಸುಳ್ಳು ಹೇಳುವುದಿಲ್ಲ.

ನಮ್ಮ ಮೂರ್ತೆದಾರರು ಮರ ಹತ್ತಿ ಇಳಿಸುವ ಕಳ್ಳು ಏನು ಮತ್ತೆ? ಮಡಕೆಗೆ ಬಿದ್ದ ಗಳಿಗೆಯಿಂದ ಹುದುಗಲು ಶುರು. ಯೀಸ್ಟ್ ಯಾರೂ ಹಾಕುವುದಿಲ್ಲ. ಬೆಳಿಗ್ಗೆ ಸಿಹಿ, ಮಧ್ಯಾಹ್ನ ಹುಳಿಸಿಹಿ, ಸಂಜೆಗೆ ಮೂಗಿಗೆ ಹೊಡೆಯುವ ಹುಳಿ. ಯಾವ ಮರ, ಯಾವ ತಿಂಗಳು, ಯಾರ ಕೈ ಅಂತ ರುಚಿ ಬೇರೆ. ಇದಕ್ಕಿಂತ ಕೈಕೆಲಸ ಬೇಕಾ? ಆದರೆ ಕಳ್ಳಿನ ಅಂಗಡಿಯಿಂದ ಹೊರಬಂದವನು ಕುಡುಕ. ಅದೇ ಹುಳಿಯನ್ನು ಕಾಲಿರುವ ಗ್ಲಾಸಿನಲ್ಲಿ ಹಿಡಿದವನು ರಸಿಕ. ನನ್ನ ಅಜ್ಜ ಮರ ಹತ್ತುತ್ತಿದ್ದರು. ಕಾಲೇಜಿನಲ್ಲಿ ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಆಗುತ್ತಿತ್ತು. ಟೇಸ್ಟಿಂಗ್ ಒಂದರಲ್ಲಿ ಲ್ಯಾಂಬಿಕ್ ಬಗ್ಗೆ ಅರ್ಧ ಗಂಟೆ ಭಾಷಣ ಕೇಳಿದ ದಿನ ಅಜ್ಜ ತುಂಬಾ ನೆನಪಾದರು.

ನಿಂಬೆಹುಳಿ · ರಾತ್ರಿ 9:15

ಪಡುವಣ ಗಾಳಿ ಅವರೇ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ.

ನನ್ನದೂ ಒಂದು ಸೇರಿಸಿ. ನಾನು ಸ್ಟೌಟ್ ಕುಡಿಯುತ್ತೇನೆ, ನನ್ನ ಗಂಡ ಹಣ್ಣಿನ ಬಿಯರ್. ಗ್ಲಾಸುಗಳು ಬಂದಾಗ ಪ್ರತಿ ಸಲ ಕಪ್ಪನೆಯದು ಅವನ ಮುಂದೆ, ಗುಲಾಬಿ ಬಣ್ಣದ್ದು ನನ್ನ ಮುಂದೆ. ನಾವು ಏನೂ ಹೇಳದೆ ಬದಲಿಸಿಕೊಳ್ಳುತ್ತೇವೆ. ವೇಟರ್ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದು ಪಕ್ಕದ ಮೇಜಿನವರು 'ಸ್ಟೌಟ್ ಕುಡೀತೀರಾ, ವಾವ್' ಅಂದಾಗ. ಇದರಲ್ಲಿ ವಾವ್ ಏನು? ಬ್ರಿಟನ್ನಿನ ದೊಡ್ಡ ಬಿಯರ್ ಮೇಳದಲ್ಲಿ ಹೆಂಗಸರನ್ನು ಕೀಳಾಗಿ ತೋರಿಸುವ ಹೆಸರು, ಚಿತ್ರ ಇರುವ ಬಿಯರ್‌ಗಳನ್ನು 2019ರಲ್ಲಷ್ಟೇ ಹೊರಗಿಟ್ಟರು. ಅಲ್ಲಿಯವರೆಗೂ ಯಾರಿಗೂ ಅದು ಕಣ್ಣಿಗೆ ಬಿದ್ದಿರಲಿಲ್ಲ ಅಂತ ಕಾಣುತ್ತದೆ.

ಇನ್ನು ಮೆನು ಭಾಷೆ. ಐಪಿಎಗೆ 'ಗ್ರೇಪ್‌ಫ್ರೂಟ್, ಪೈನ್' ಅಂತ ಬರೆದಿರುತ್ತಾರೆ. ಪೈನ್ ಮರ ಮೂಸಿ ನೋಡಿದವರು ಇಲ್ಲಿ ಎಷ್ಟು ಜನ? ದೇವನಹಳ್ಳಿ ಚಕ್ಕೋತದ ಸಿಪ್ಪೆ ಅನ್ನಿ, ತಕ್ಷಣ ಮೂಗಿಗೆ ಬರುತ್ತದೆ. ಸ್ಟೌಟ್‌ಗೆ ಸುಟ್ಟ ಬೆಲ್ಲ, ಹುರಿದ ಕಾಫಿ ಬೀಜ. ಇನ್ನು ಕೆಲವಕ್ಕೆ ಹಸಿ ಮಾವಿನಕಾಯಿ, ಒಗರು, ಕಮಟು. ನಮ್ಮ ಹತ್ತಿರ ಇಲ್ಲದ ಮಾತಾ? ಅವರ ಪದ ಗೊತ್ತಿಲ್ಲದ್ದಕ್ಕೆ ಎಷ್ಟೋ ಜನ ರುಚಿಯೇ ಗೊತ್ತಿಲ್ಲ ಅಂದುಕೊಂಡು ಬಾಯಿ ಮುಚ್ಚಿಕೊಂಡು ಕೂರುತ್ತಾರೆ.

ಕಹಿಬೇವು · ರಾತ್ರಿ 10:02

ಚಕ್ಕೋತ ಸಿಪ್ಪೆ ನೂರಕ್ಕೆ ನೂರು ಸರಿ. ಇನ್ನು ಮೇಲೆ ನಾನು ಅದನ್ನೇ ಬಳಸುತ್ತೇನೆ.

ಗ್ಲಿಸರಿನ್ ವಿಷಯದಲ್ಲಿ ಸೋತೆ. ನಮ್ಮ ಮನೆಯ ಸೇಬಿನ ಜ್ಯೂಸನ್ನು ಬೋರಲು ಹಾಕಿ ನೋಡಿದೆ, ಅದೂ ಹಾಗೇ ಇಳಿಯಿತು. ಗೋಧಿ ವಿಷಯ ಗೊತ್ತಿರಲಿಲ್ಲ. ಆದರೆ ಅಕ್ಕಿ ಬಿಯರ್ ರುಚಿ ಕಡಿಮೆ ಅನ್ನುವುದರಲ್ಲಿ ನಾನು ಹಿಂದೆ ಸರಿಯುವುದಿಲ್ಲ. ಇತಿಹಾಸ ಎಷ್ಟೇ ಅನ್ಯಾಯವಾಗಿರಲಿ, ನಾಲಿಗೆಗೆ ಅದರ ಹಂಗಿಲ್ಲ. ಕಣ್ಣು ಮುಚ್ಚಿ ಕೊಟ್ಟರೂ ನಾನು ಗುರುತಿಸುತ್ತೇನೆ.

ಹಬೆಪಾತ್ರೆ · ರಾತ್ರಿ 10:20

ಬನ್ನಿ ಹಾಗಾದರೆ. ನಾಳಿದ್ದು ಬುಧವಾರ ನಾಲ್ಕು ಗಂಟೆ, ಜನ ಇರುವುದಿಲ್ಲ. ವಿಳಾಸ ಖಾಸಗಿಯಾಗಿ ಕಳಿಸುತ್ತೇನೆ. ನಮ್ಮದೇ ಒಂದು ಬರೀ ಮಾಲ್ಟ್ ಲಾಗರ್ ಇದೆ, ಒಂದು ಅವಲಕ್ಕಿ ಲಾಗರ್ ಇದೆ. ಮೂರು ಲೋಟ ಕೊಡುತ್ತೇನೆ. ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆಯದನ್ನು ಹುಡುಕಬೇಕು. ನಮ್ಮ ಕಸುಬಿನಲ್ಲಿ ದಿನಾ ಮಾಡುವ ಪರೀಕ್ಷೆ ಇದು. ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಅದಕ್ಕೆ ಮೂರು ಸುತ್ತು. ಬಣ್ಣ ಕಾಣಬಾರದು ಅಂತ ಸ್ಟೀಲ್ ಲೋಟ.

ಜಯನಗರ ಅಂಕಲ್ · ರಾತ್ರಿ 10:24

ಕೋಡುಬಳೆ ನಾನು ತರುತ್ತೇನೆ. ಮನೆಯಲ್ಲಿ ನಿನ್ನೆ ತಾನೇ ಮಾಡಿದ್ದಾರೆ.

ಕೆರೆ ಏರಿ · ಬುಧವಾರ ರಾತ್ರಿ 11:30

ಹೋಗಿ ಬಂದೆ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ, ನನಗೆ ಮುಜುಗರ ಆದರೂ.

ಕೂತದ್ದು ನಾಲ್ಕು ಜನ: ಕಹಿಬೇವು, ಅಂಕಲ್, ನಿಂಬೆಹುಳಿ ಮೇಡಂ, ನಾನು. ಅಕ್ಕಿಯ ಪರ ಇಷ್ಟುದ್ದ ಬರೆದ ನಾನು ಮೂರಕ್ಕೆ ಮೂರೂ ತಪ್ಪು. ಊಹೆ ಮಾಡುವವನಿಗಿಂತ ಕಡೆ. ಅಂಕಲ್ ಒಂದು ಸರಿ. ಮೇಡಂ ಎರಡು. ಕಹಿಬೇವು ಮೂರೂ ಸರಿ. ಅಕ್ಕಿ ಲೋಟ ಯಾವುದು ಅಂತಲೂ ಹೇಳಿದರು, ಮೊದಲ ಗುಟುಕಿಗೇ.

ಅಷ್ಟೇ ಅಲ್ಲ. ಮಾಲ್ಟ್ ಲಾಗರ್ ಲೋಟವನ್ನು ಇನ್ನೊಂದು ಸಲ ಮೂಸಿ, 'ಬೇಜಾರು ಮಾಡಿಕೊಳ್ಳಬೇಡಿ, ಇದರಲ್ಲಿ ಸ್ವಲ್ಪ ಬೆಣ್ಣೆ ವಾಸನೆ ಇದೆ' ಅಂದರು. ಮೆಲ್ಲಗೆ ಹೇಳಿದರು, ಬೇರೆ ಯಾರಿಗೂ ಕೇಳಿಸದ ಹಾಗೆ. ನಾನು ಪಕ್ಕದಲ್ಲೇ ಇದ್ದೆ, ಅದಕ್ಕೆ ಗೊತ್ತಾಯಿತು. ಹಬೆಪಾತ್ರೆ ಮೂಸಿ ನೋಡಿದರು, ಒಂದು ನಿಮಿಷ ಮಾತಾಡಲಿಲ್ಲ, ಎದ್ದು ಟ್ಯಾಂಕ್ ಕಡೆ ಹೋದರು.

ನನಗೆ ಆ ಹೊತ್ತಿಗೆ ಹಳೆಯ ಮೇಜು ನೆನಪಾಯಿತು. ಇವರಿಗೆ ಅಲ್ಲಿದ್ದವರಿಗಿಂತ ಜಾಸ್ತಿ ಗೊತ್ತು. ಆದರೂ ಎರಡು ಗಂಟೆಯಲ್ಲಿ ಒಮ್ಮೆಯೂ 'ಹಂತ' ಅನ್ನಲಿಲ್ಲ.

ಹಬೆಪಾತ್ರೆ · ಗುರುವಾರ ಬೆಳಿಗ್ಗೆ 6:40

ಬೆಣ್ಣೆ ವಾಸನೆ ನಿಜ. ಲಾಗರ್ ತಣ್ಣಗೆ ಹಾಕುವ ಮುಂಚೆ ಎರಡು ಮೂರು ದಿನ ಸ್ವಲ್ಪ ಬೆಚ್ಚಗೆ ಬಿಡಬೇಕು, ಆಗ ಯೀಸ್ಟೇ ಆ ವಾಸನೆಯನ್ನು ತಿಂದು ಮುಗಿಸುತ್ತದೆ. ವಾರಾಂತ್ಯದ ಗಡಿಬಿಡಿಯಲ್ಲಿ ನಾನು ಒಂದು ದಿನ ಮುಂಚೆ ತಣ್ಣಗೆ ಮಾಡಿಬಿಟ್ಟಿದ್ದೆ. ಪಕ್ಕದ ಟ್ಯಾಂಕಿನ ಅವಲಕ್ಕಿ ಬಿಯರ್‌ನಲ್ಲಿ ತೊಂದರೆ ಇಲ್ಲ. ಮಾಲ್ಟ್ ಲಾಗರನ್ನು ಇವತ್ತು ಟ್ಯಾಪ್‌ನಿಂದ ತೆಗೆದಿದ್ದೇನೆ.

ನಿಂಬೆಹುಳಿ · ಬೆಳಿಗ್ಗೆ 9:05

ನಿನ್ನೆ ಕಹಿಬೇವು ಅವಲಕ್ಕಿ ಬಿಯರ್ 'ಚೆನ್ನಾಗಿದೆ' ಅಂದದ್ದನ್ನು ಯಾಕೆ ಯಾರೂ ಬರೆದಿಲ್ಲ?

ಕಹಿಬೇವು · ಬೆಳಿಗ್ಗೆ 9:30

ಚೆನ್ನಾಗಿ ಮಾಡಿದ್ದಾರೆ ಅಂದೆ. ನನಗೆ ಇಷ್ಟ ಅಂದಿಲ್ಲ. ಎರಡಕ್ಕೂ ವ್ಯತ್ಯಾಸ ಇದೆ.

ಪಡುವಣ ಗಾಳಿ · ಬೆಳಿಗ್ಗೆ 9:41

ಮುಂದಿನ ಸಲ ಸ್ಟೀಲ್ ಲೋಟ ಹಿಡಿದುಕೊಂಡು ನಮ್ಮ ಕಡೆಗೇ ಬನ್ನಿ. ಬೆಳಿಗ್ಗೆಯದು, ಮಧ್ಯಾಹ್ನದ್ದು, ಸಂಜೆಯದು, ಮೂರು ಲೋಟ. ಕಹಿಬೇವು ಅವರ ನಾಲಿಗೆ ಅಲ್ಲಿ ಎಷ್ಟು ನಡೆಯುತ್ತದೆ ನೋಡುವ.

ಜಯನಗರ ಅಂಕಲ್ · ಬೆಳಿಗ್ಗೆ 10:15

ಅದೆಲ್ಲ ಇರಲಿ. ನನ್ನ ಕೋಡುಬಳೆ ಡಬ್ಬಿ ಯಾರ ಹತ್ತಿರ ಇದೆ? ಮನೆಯಲ್ಲಿ ಕೇಳುತ್ತಿದ್ದಾರೆ.